ಗಂಡನ ಹೆಸರಿನ ಪ್ಯಾಕೇಜು

ಸುನಂದಾ ಗಂಡನ ಹೆಸರು ಹೇಳಿದವಳಲ್ಲ. ಚುಂಚನಕಟ್ಟೆಯ ಗದ್ದೆಬಯಲಲ್ಲಿ ಬೆಳೆದವಳು. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಮುಖ ನೋಡುತ್ತಿದ್ದಳು. ಗಂಡ ನಟರಾಜುವಿಗೆ ಇದೇ ದೊಡ್ಡ ತಮಾಷೆ. ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟು, ಪುಕ್ಕಟೆ ಸಿಗುತ್ತದೆಂದು ಲಿನಕ್ಸ್ ಹಾಕಿಕೊಂಡಿದ್ದ ಆಸಾಮಿ, ತಾನು ಬರೆದ, ದನಿ ತುಂಬಿಟ್ಟು ಕೇಳಿಸುವ ಪ್ರೋಗ್ರಾಮಿನ ಪ್ಯಾಕೇಜಿಗೆ ಬೇಕೆಂದೇ ತನ್ನ ಹೆಸರಿಟ್ಟ.

ಅಲ್ಲಿನ ಕಟ್ಟಳೆಯೋ ಬಲು ಬಿಗಿ. ಪ್ಯಾಕೇಜು ಹಾಕುವಾಗ, ತೆಗೆಯುವಾಗ ನಡೆಯಬೇಕಾದ ಪ್ರತಿ ಫಂಕ್ಷನ್ನಿನ, ಅಂದರೆ ಒಂದೊಂದು ಕೆಲಸಕ್ಕೆ ಬರೆದ ಆಜ್ಞೆಗಳ ಕಟ್ಟಿನ, ಹೆಸರೂ ಪ್ಯಾಕೇಜಿನ ಹೆಸರಿನಿಂದಲೇ ಶುರುವಾಗಬೇಕು. ಇಲ್ಲದಿದ್ದರೆ ಯಂತ್ರ ಅದನ್ನು ಕರೆಯುವುದಿಲ್ಲ, ತಪ್ಪೆಂದು ಹೇಳುವುದೂ ಇಲ್ಲ. ಸುನಂದಾ ಗಂಡನಿಂದಲೇ ಕೆಲಸ ಕಲಿತಳು. ಆದರೆ ಹೆಸರಿನ ಜಾಗ ಬಂದಾಗ ಮಾತ್ರ ‘ಇವ್ರು’ ಎಂದೇ ಒತ್ತುತ್ತಿದ್ದಳು.

“ಅದೇನು ನಿನ್ನಂಗಾ? ಎಸರಿಡಿದು ಕೂಗಿದ್ರೇನೇ ಬರೋದು ಕಣೇ,” ಎಂದು ನಗುತ್ತಿದ್ದ ನಟರಾಜು. “ಓಗ್ಲಿ ಬುಡು, ನೀನು ಬರಿ. ನಾನು ತಿದ್ಕತೀನಿ.”

ಗಂಟಲಲ್ಲಿ ಗಡ್ಡೆ ಎಂದಾಗ ಆ ನಗು ನಿಂತಿತು. ಆಪರೇಷನ್ ಆದರೆ ಮಾತು ಹೋಗುತ್ತದೆ ಎಂದರು ಡಾಕ್ಟರು. ಮಗಳು ಅನುವಿಗೆಂದು ನಟರಾಜು, ನಡುನಡುವೆ ಕೆಮ್ಮುತ್ತ, ಅದೇ ಪ್ಯಾಕೇಜಿನೊಳಗೆ ತನ್ನ ದನಿಯಲ್ಲೇ ಕಥೆ ಹೇಳಿ ತುಂಬಿಸಿದ. ಮಾತು ಹೋಯಿತು. ಸುಗ್ಗಿಯ ಹೊತ್ತಿಗೆ ಅವನೂ ಹೋದ. ಅನು ದಿನಾ ಸಂಜೆ ಅಪ್ಪನ ಕಥೆ ಕೇಳಿಯೇ ಉಣ್ಣುತ್ತಿದ್ದಳು.

ಮರುವರ್ಷ ಪ್ಯಾಕೇಜು ತಡವರಿಸತೊಡಗಿತು. ಹಳೆಯದನ್ನು ತೆಗೆದು ಹೊಸದು ಹಾಕಬೇಕು. ತೆಗೆದರೆ ಒಳಗಿನ ದನಿಯೂ ಅಳಿಸಿಹೋಗುತ್ತದೆ. ಅದಕ್ಕೇ ಸುನಂದಾ, ತೆಗೆಯುವ ಮುನ್ನ ಕಥೆಗಳನ್ನೆಲ್ಲ ಬೇರೆ ಕಡೆ ಸಾಗಿಸುವ ಫಂಕ್ಷನ್ ಬರೆದಳು. ಭಯಕ್ಕೆ ಪ್ರತಿ ಸಾಲನ್ನೂ ಮತ್ತೆ ಮತ್ತೆ ಓದಿದಳು. ಹೆಸರಿನ ಜಾಗದಲ್ಲಿ ಕೈ ತನ್ನ ಪಾಡಿಗೆ ‘ಇವ್ರು’ ಎಂದು ಒತ್ತಿತ್ತು. ಪಾಪ, ಅವಳ ಕಣ್ಣಿಗೆ ಅದು ತಪ್ಪಾಗಿ ಕಾಣಲೇ ಇಲ್ಲ. ತಿದ್ದುವವನು ಇರಲಿಲ್ಲ.

ಯಂತ್ರ ತಕರಾರು ಮಾಡಲಿಲ್ಲ. ಗುರುತಿಲ್ಲದ ಹೆಸರನ್ನು ದಾಟಿಕೊಂಡು ಹೋಗಿ ಎಲ್ಲವನ್ನೂ ಗುಡಿಸಿಹಾಕಿತು.

“ಅವ್ವಾ, ಅಪ್ಪ ಯಾಕೆ ಮಾತಾಡ್ತಾ ಇಲ್ಲ?” ಎಂದಳು ಅನು, ಉಣ್ಣುವ ತಟ್ಟೆ ಮುಂದಿಟ್ಟುಕೊಂಡು.

ಸುನಂದಾ ತಾನು ಬರೆದದ್ದನ್ನು ತೆರೆದು ನೋಡಿದಳು. ಹೆಸರಿನ ಜಾಗದಲ್ಲಿ ‘ಇವ್ರು’ ಕಂಡಿತು. ಸುಡಲಿ, ಇಂಥ ಮರ್ಯಾದೆ ಯಾರಿಗೆ ಬೇಕಿತ್ತು?

“ನಟರಾಜು,” ಎಂದಳು.

ಅನು ಬೆಚ್ಚಿ ತಾಯಿಯ ಮುಖ ನೋಡಿದಳು.

“ನಟರಾಜೂ...” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು ಸುನಂದಾ. ಸ್ಪೀಕರಿನಿಂದ ಒಂದು ಕೆಮ್ಮೂ ಬರಲಿಲ್ಲ. ಅನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.