ತೋಳು ಮಡಚಿದ ಕಳಕಪ್ಪ

ಇಸ್ಪೀಟಿನ ಆಟಕ್ಕೆ ಕೂಡುವ ಮುನ್ನ ಗಜೇಂದ್ರಗಡದ ಕಳಕಪ್ಪ ತನ್ನ ಕರಿಯ ಕೋಟನ್ನು ಕಳಚಿ ಬೇರೆಯವರ ಕೈಗೆ ಕೊಟ್ಟು, ಅಂಗಿಯ ತೋಳುಗಳನ್ನು ಮೊಳಕೈ ದಾಟುವವರೆಗೆ ಮಡಚಿಕೊಂಡು, ಬರಿಗೈಗಳೆರಡನ್ನೂ ಆರತಿ ಎತ್ತುವವನಂತೆ ನಿಧಾನವಾಗಿ ಎಲ್ಲರ ಮುಂದೆ ಸುಳಿಸುತ್ತಿದ್ದ. “ನೋಡ್ಕೋರಿ, ಆಮ್ಯಾಲೆ ಅನಬ್ಯಾಡ್ರಿ” ಎಂಬುದೊಂದೇ ಅವನ ಮಾತು. ಮೋಸವೆಂಬುದು ತೋಳಿನೊಳಗೆ ಅಡಗಿರುತ್ತದೆಂದು ನಂಬಿದ್ದ ಜನ ಆ ತೋಳುಗಳನ್ನು ನೋಡಿ ಸಮಾಧಾನಪಟ್ಟು, ಬೆರಳುಗಳನ್ನು ನೋಡಲು ಮರೆಯುತ್ತಿದ್ದರು.

ಐವತ್ತರ ದಶಕದ ಆರಂಭದಲ್ಲಿ ನಾನು ಆ ಊರಿನ ಸಾಲೆಯಲ್ಲಿ ಮಾಸ್ತರನಾಗಿದ್ದೆ. ನಮ್ಮಿಬ್ಬರ ಮನೆಗಳಿಗೂ ನಡುವೆ ಒಂದೇ ಗೋಡೆ. ಕಳಕಪ್ಪ ತೆಳ್ಳನೆಯ, ತುಸು ಬಾಗಿದ ಆಳು. ನಡೆಯುವಾಗ ನೆಲಕ್ಕೆ ನೋವಾದೀತೆಂಬಂತೆ ಹೆಜ್ಜೆಯಿಡುವವನು. ಹೊಲದ ಕೆಲಸವನ್ನಾಗಲಿ ಮಗ್ಗದ ಕೆಲಸವನ್ನಾಗಲಿ ಅವನು ಎಂದೂ ಮುಟ್ಟಲಿಲ್ಲ. ಬಾವಿಯಿಂದ ನೀರು ಸೇದಲು ಸಹ ಹಗ್ಗ ಹಿಡಿಯುತ್ತಿರಲಿಲ್ಲ. ಅಂಗೈ ಒರಟಾದೀತೆಂಬ ಭಯ. ದಿನವೂ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಬೆರಳುಗಳಿಗೆ ಕುಸುಬಿ ಎಣ್ಣೆ ತಿಕ್ಕಿಕೊಳ್ಳುವ ಅವನ ಶ್ರದ್ಧೆಯನ್ನು ಕಂಡರೆ, ಸಂಗೀತಗಾರರು ಕಂಠವನ್ನು ಕಾಪಾಡಿಕೊಳ್ಳುವ ಬಗೆ ನೆನಪಾಗುತ್ತಿತ್ತು. ಹೆಂಡತಿ ಕಲ್ಲವ್ವ ಗೊಣಗುತ್ತಲೇ ಕೊಡ ಹೊರುತ್ತಿದ್ದಳು. “ನಮ್ಮ ಮನ್ಯಾವ್ರ ಕೈ ನೋಡ್ರಿ ಮಾಸ್ತರ, ಬಾಣಂತಿ ಕೈ ಇದ್ದಂಗ ಅದಾವ” ಎನ್ನುವಳು. ಅದನ್ನವನು ಹೊಗಳಿಕೆಯೆಂದೇ ಸ್ವೀಕರಿಸುತ್ತಿದ್ದ.

ಅವನ ಆಟ ಅಂದರ್-ಬಾಹರ್. ಒಂದು ಎಲೆಯನ್ನು ನಡುವೆ ತೆರೆದಿಟ್ಟು, ಒಮ್ಮೆ ಒಳಗೆ, ಒಮ್ಮೆ ಹೊರಗೆ ಎಂದು ಉಳಿದ ಎಲೆಗಳನ್ನು ಹಾಕುತ್ತ ಹೋಗುವುದು. ಅದರ ಜೋಡಿ ಯಾವ ಕಡೆಗೆ ಬೀಳುತ್ತದೆಯೋ ಆ ಕಡೆಯವನು ಗೆದ್ದ. ಇಷ್ಟು ಸರಳವಾದ ಆಟದಲ್ಲಿ ಯಾರಿಗೆ ತಾನೇ ಸಂಶಯ ಬಂದೀತು? ಅರಳೆ ಮಾರಿ ಕೈ ತುಂಬಿಸಿಕೊಂಡ ಜಕ್ಕಲಿ, ಸೂಡಿಗಳ ಒಕ್ಕಲಿಗರನ್ನು ಕರೆತಂದು ಕೂಡಿಸಿ ಅವರೆದುರು ಪಣ ಹಚ್ಚುವ ಕೆಲಸ ನರಗುಂದದ ಅಡತಿ ವ್ಯಾಪಾರಿ ತೋಟಪ್ಪನದು. ಎಲೆ ಹಾಕುವುದು ಕಳಕಪ್ಪನದು. ಗೆಲವೆಲ್ಲ ತೋಟಪ್ಪನ ಪಾಲಿಗೆ, ಅದರಲ್ಲೊಂದಿಷ್ಟು ಕಳಕಪ್ಪನಿಗೆ. ಹೊರಗಿನವರಿಗೆ ಮಾತ್ರ ಅವರಿಬ್ಬರೂ ಅಷ್ಟಕ್ಕಷ್ಟೇ ಪರಿಚಿತರು.

ಹೀಗೆ ಬಂದು ಕೂತವರಲ್ಲಿ ಅಬ್ಬಿಗೇರಿಯ ಅಂದಾನೆಪ್ಪನೂ ಒಬ್ಬ. ಮೊದಮೊದಲು ಅವನನ್ನು ಗೆಲ್ಲಿಸಿದರು. ಆಮೇಲೆ ಅವನ ಎತ್ತುಗಳು ಹೋದವು. ಎತ್ತುಗಳನ್ನು ಮರಳಿ ಪಡೆಯುವ ಹಟದಲ್ಲಿ ಅವನು ಒಂದು ಎರೆಹೊಲವನ್ನು, ಜನರೆದುರು ಮಾತು ಕೊಟ್ಟು, ಪಣಕ್ಕೆ ಹಚ್ಚಿದ. ಆ ಹೊಲ ಹೆಸರಿಗೆ ಅವನದಾದರೂ, ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕ ಶೇಖವ್ವನ ಅನ್ನಕ್ಕೆಂದು ತಂದೆ ಬಿಟ್ಟುಹೋದದ್ದು. ಜೋಡಿ ಎಲೆ ತೋಟಪ್ಪನ ಕಡೆಗೆ ಬಿತ್ತು. ಕೊಟ್ಟ ಮಾತು ಮಾತೇ ಆಗಿದ್ದ ಕಾಲ ಅದು. ಬಿತ್ತಿಗೆಯ ಹೊತ್ತಿಗೆ ತನ್ನ ಕೂರಿಗೆ ಆ ಹೊಲಕ್ಕಿಳಿಯುವುದೆಂದು ತೋಟಪ್ಪ ಸಾರಿದ.

ಒಂದು ಮುಂಜಾನೆ ಶೇಖವ್ವ ಕಳಕಪ್ಪನ ಕಟ್ಟೆಗೆ ಬಂದು ನಿಂತಳು. ನಾನು ನನ್ನ ಬಾಗಿಲಲ್ಲಿದ್ದೆ. ಅವಳು ಅಳಲಿಲ್ಲ, ಶಪಿಸಲೂ ಇಲ್ಲ.

“ಅಣ್ಣಾರ, ನನ್ನ ತಮ್ಮನ ನಸೀಬ ಕೆಟ್ಟಿತ್ತೋ, ನಿಮ್ಮ ಕೈ ಕೆಲಸ ಮಾಡಿತ್ತೋ? ಖರೇ ಹೇಳ್ರಿ.”

“ನಸೀಬದ ಆಟ ತಂಗಿ ಅದು. ನನ್ನ ಕೈಯಾಗ ಏನೈತಿ?”

“ತೋಟಪ್ಪನವರೂ ಹಂಗ ಅಂತಾರ್ರಿ. ‘ಎಲ್ಲಾ ನನ್ನ ನಸೀಬ, ಕಳಕಪ್ಪ ಬರೇ ಎಲಿ ಹಾಕೋ ಆಳು, ಅವನ ಜಾಗಾದಾಗ ಅಗಸರ ಕತ್ತಿ ಕುಂತಿದ್ರೂ ನಾನ ಗೆಲ್ತಿದ್ದೆ’ ಅಂತ ಪ್ಯಾಟ್ಯಾಗ ಹೇಳ್ಕೊಂತ ಅಡ್ಡಾಡ್ತಾರ.”

ಎಣ್ಣೆ ತಿಕ್ಕುತ್ತಿದ್ದ ಬೆರಳುಗಳು ನಿಂತವು. “ಕತ್ತಿ ಅಂದ್ನ?” ಎಂದು ಅವನು ಕೇಳಿದ. ಅವಳು ತಲೆಯಾಡಿಸಿ, ಸೆರಗು ಹೊದ್ದುಕೊಂಡು ಹೊರಟುಹೋದಳು. ಆ ಮಾತನ್ನು ಅವಳು ಮುಗ್ಧವಾಗಿ ಆಡಿದಳೋ, ತೂಗಿ ಆಡಿದಳೋ ನಾನು ಇಂದಿಗೂ ನಿರ್ಣಯಿಸಲಾರೆ.

ಮುಂದಿನ ರವಿವಾರ ಕಳಕಪ್ಪ ನನ್ನ ಬಾಗಿಲಿಗೆ ಬಂದ. “ಮಾಸ್ತರ, ನರಗುಂದಕ್ಕ ಬರ್ರಿ. ನೋಡಾಕ ತಿಳದವರೊಬ್ಬರು ಬೇಕು.” ಅಲ್ಲಿ ತೋಟಪ್ಪನ ಅಂಗಡಿಯಲ್ಲಿ, ಹಾಡಹಗಲಲ್ಲಿ, ಕಳಕಪ್ಪನ ಕರೆಯ ಮೇರೆಗೆ ಶೇಖವ್ವ, ಅಂದಾನೆಪ್ಪ, ಪೇಟೆಯ ಕೆಲವು ಹಿರಿಯರು ನೆರೆದಿದ್ದರು. ಎತ್ತಿನ ವ್ಯಾಪಾರದಲ್ಲಿ ಒಮ್ಮೆಯೂ ಮಾತು ತಪ್ಪದ ಇಸ್ಮಾಯಿಲಸಾಬರ ಕೈಗೆ ಕಳಕಪ್ಪ ಎಲೆಗಳನ್ನು ಕೊಟ್ಟು, “ಕಲಸ್ರಿ ಸಾಹೇಬ್ರ. ಜೋಡಿ ಒಳಗ ಬೀಳಬೇಕೋ, ಹೊರಗೋ?” ಎಂದ.

“ಒಳಗ.”

ಒಳಗೇ ಬಿತ್ತು. ಮತ್ತೆ ಕಲಸಿ ಹೊರಗೆ ಎಂದರು; ಹೊರಗೆ ಬಿತ್ತು. ಬೆವರುತ್ತಿದ್ದ ತೋಟಪ್ಪ ತಾನೇ ಎಲೆ ಕಸಿದು ಕಲಸಿ, ಮೂರನೆಯ ಸಲ ಹಾಕಿಸಿದ. ಅವನ ಬಾಯಿಂದ ಬಂದ ಕಡೆಗೇ ಜೋಡಿ ಬಂದು ಕೂತಿತು. ಅನಂತರ ಕಳಕಪ್ಪ, ಮಕ್ಕಳಿಗೆ ಅಕ್ಷರ ತಿದ್ದಿಸುವವನ ತಾಳ್ಮೆಯಿಂದ, ಮೇಲಿನ ಎಲೆಯ ಮೂಲೆಯನ್ನು ಕೂದಲೆಳೆಯಷ್ಟು ಬಾಗಿಸಿ ನೋಡಿಕೊಳ್ಳುವುದನ್ನೂ, ಬೇಡವಾದ ಕಡೆಗೆ ಜೋಡಿ ಬೀಳುವಂತಿದ್ದರೆ ಅದನ್ನು ಹೆಬ್ಬೆರಳಲ್ಲಿ ತಡೆಹಿಡಿದು ಅದರ ಕೆಳಗಿನ ಎಲೆಯನ್ನು ಎಳೆದುಹಾಕುವುದನ್ನೂ ಬಿಡಿಸಿ ತೋರಿಸಿದ.

“ಮೋಸ ಇವಂದು, ನನಗೇನ ಗೊತ್ತಿತ್ತು?” ಎಂದು ತೋಟಪ್ಪ ಚೀರಿದ.

“ಯಾರದರ ಇರ್ಲಿ” ಎಂದರು ಇಸ್ಮಾಯಿಲಸಾಬರು. “ಮೋಸದ ಆಟದಾಗ ಗೆದ್ದಾವ್ರೂ ಇಲ್ಲ, ಸೋತಾವ್ರೂ ಇಲ್ಲ. ಹೊಲ ಹೆಣ್ಮಗಳದು. ಅಂದಾನೆಪ್ಪ, ನಿಮ್ಮ ಎತ್ತು ಹೊಡ್ಕೊಂಡು ಹೋಗ್ರಿ.”

ಅಂದಾನೆಪ್ಪ ಮುನ್ನುಗ್ಗಿ ಕಳಕಪ್ಪನ ಕೆನ್ನೆಗೆ ಬಾರಿಸಿದ. ಯಾರೂ ತಡೆಯಲಿಲ್ಲ, ಶೇಖವ್ವ ಮಾತ್ರ ತಮ್ಮನ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಪೆಟ್ಟು ತಿಂದವನು ಕೆನ್ನೆಯನ್ನು ಮುಟ್ಟಿಯೂ ನೋಡಿಕೊಳ್ಳದೆ ಸಾಹೇಬರತ್ತ ತಿರುಗಿದ.

“ಖರೇ ಹೇಳ್ರಿ, ಮೂರನೇ ಸಲ ಎಳದದ್ದು ನಿಮ್ಮ ಕಣ್ಣಿಗೆ ಬಿತ್ತೇನು?”

“ಇಲ್ಲಪಾ, ಕಾಣಲಿಲ್ಲ.”

ಅವನ ಮುಖ ಅರಳಿದ ಪರಿಯನ್ನು ನಾನು ಮತ್ತಾವ ಮನುಷ್ಯನ ಮುಖದಲ್ಲೂ ಕಂಡಿಲ್ಲ.

ಅಂದಿನಿಂದ ರೋಣದಿಂದ ನರಗುಂದದವರೆಗೆ ಅವನೊಡನೆ ಆಟಕ್ಕೆ ಕೂಡುವವರೇ ಇಲ್ಲವಾದರು. ಗಜೇಂದ್ರಗಡದಲ್ಲಿ ಬಸ್ಸು ನಿಲ್ಲುವಲ್ಲಿ ನಶ್ಯದ ಸಣ್ಣ ಅಂಗಡಿ ಹಾಕಿಕೊಂಡ. ಕೊಳ್ಳುವವರು ಪೊಟ್ಟಣವನ್ನು ಅವನೆದುರೇ ಬಿಚ್ಚಿ ನೋಡಿಕೊಳ್ಳುತ್ತಿದ್ದರು. ಕಲ್ಲವ್ವನ ಕೊಡವನ್ನು ಅವನೇ ಹೊರತೊಡಗಿದ. ಊರಿನ ಧರ್ಮಭೀರುಗಳು, ವಿಧವೆಯ ಶಾಪಕ್ಕೆ ಹೆದರಿ ಅವನಿಗೆ ಪಶ್ಚಾತ್ತಾಪವಾಯಿತೆಂದರು. ನಾನೊಮ್ಮೆ ಕೇಳಿದ್ದಕ್ಕೆ, “ಆ ಹೆಣ್ಮಗಳ ಹೊಲ ಉಳೀತು, ಅದೂ ಚಲೋನ ಆತು ಬಿಡ್ರಿ” ಎಂದ. ಆ ‘ಅದೂ’ ಎಂಬ ಮಾತಿನಲ್ಲಿ ಸುಳ್ಳಿರಲಿಲ್ಲ.

ಗಾಯಕನಿಗೆ ಸಭೆಯಿದೆ, ಶಿಲ್ಪಿಗೆ ಕಲ್ಲಿದೆ, ಕಳ್ಳನಿಗೂ ಬೆಳಗಾದ ಮೇಲೆ ಊರ ತುಂಬ ಮಾತಿದೆ. ವಂಚಕನ ಕುಶಲತೆಗೆ ಮಾತ್ರ, ಅದು ಪರಿಪೂರ್ಣವಾದಷ್ಟೂ, ಸಾಕ್ಷಿಯಿಲ್ಲ. ತನ್ನ ಜೀವನದ ಅತ್ಯುತ್ತಮ ಕೃತಿಯನ್ನು ಲೋಕವು ಅದೃಷ್ಟವೆಂದು ಕರೆಯುವಾಗ ಅವನು ಸುಮ್ಮನೆ ಕುಳಿತಿರಬೇಕು. ಇಂಥವರು ಸಿಕ್ಕಿಬೀಳುವುದು ಕೈ ತಪ್ಪಿದಾಗ ಎಂದು ನಾವು ತಿಳಿಯುತ್ತೇವೆ. ಬಹುಶಃ ಅವರಲ್ಲಿ ಎಷ್ಟೋ ಜನ, ಒಮ್ಮೆಯಾದರೂ ಯಾರಾದರೂ ತಮ್ಮನ್ನು ಸರಿಯಾಗಿ ನೋಡಲಿ ಎಂಬ ಆಸೆಗೆ ಸೋತು, ತಾವೇ ಬೆಳಕಿಗೆ ಬಂದು ನಿಲ್ಲುತ್ತಾರೆ.