ಬೀಗಣ್ಣನ ಕಾರ್ಡು ಸಿಕ್ಕಿಕೊಂಡದ್ದು

ಕಳ್ಳರ ವಿಷಯದಲ್ಲಿ ಇಡೀ ಪೇಟೆಗೆ ಬುದ್ಧಿ ಹೇಳುವ ಅಧಿಕಾರವನ್ನು ಬೀಗಣ್ಣ ತನಗೆ ತಾನೇ ಕೊಟ್ಟುಕೊಂಡು ಇಪ್ಪತ್ತೇಳು ವರ್ಷವಾಗಿತ್ತು. ಬೀಗ ರಿಪೇರಿ, ನಕಲಿ ಕೀ, ಕೈಕೊಟ್ಟ ತಿಜೋರಿ ತೆರೆಯುವುದು ಅವನ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಬೇರೇನೋ ಇತ್ತು, ಪೇಟೆ ಅದನ್ನು ಮರೆತಿತ್ತು. ಒಂದು ಕೀ ಮಾಡಿಸಲು ಬಂದವರು ಅರ್ಧ ಗಂಟೆಯ ಉಪದೇಶವನ್ನೂ ಪುಕ್ಕಟೆಯಾಗಿ ಹೊತ್ತುಕೊಂಡು ಹೋಗಬೇಕಿತ್ತು. “ಯಾರನ್ನೂ ನಂಬ್ಬೇಡಿ, ನನ್ನನ್ನೂ ನಂಬ್ಬೇಡಿ” ಎಂದು ಅವನು ಮುಗಿಸುತ್ತಿದ್ದ. ಒಳಗೆ ಕೀ ಕತ್ತರಿಸುತ್ತ ಕೂತಿರುತ್ತಿದ್ದ ಹೆಂಡತಿಗೆ ಆ ಕೊನೆಯ ಮಾತಿನಲ್ಲಿ ಮಾತ್ರ ಪೂರ್ತಿ ಒಪ್ಪಿಗೆಯಿತ್ತು.

ಅವಳು ಎಟಿಎಮ್ಮಿನಲ್ಲಿ ಪಿನ್ ಒತ್ತುವಾಗ ಇನ್ನೊಂದು ಕೈಯನ್ನು ಗುಂಡಿಗಳ ಮೇಲೆ ಅಡ್ಡ ಹಿಡಿಯುವವಳು. ಅವನಿಗೆ ಅದು ತಮಾಷೆ. “ಕೂಸಿಗೆ ಬಿಸಿಲು ತಾಗತ್ತೆ ಅನ್ನೋ ಹಾಗೆ ಮುಚ್ತೀಯಲ್ಲೇ” ಎಂದು ನಗುತ್ತಿದ್ದ. ಕಳ್ಳನ ಮುಖ ನೋಡಿದರೆ ಸಾಕು, ತನಗೆ ಗೊತ್ತಾಗುತ್ತದೆ ಎಂಬುದು ಅವನ ನಂಬಿಕೆ.

ಆ ದಿನ ಮಧ್ಯಾಹ್ನ ಔಷಧಿ ಅಂಗಡಿಯ ಪಕ್ಕದ ಎಟಿಎಮ್ಮಿಗೆ ಅವನೊಬ್ಬನೇ ಹೋದ. ಕಾರ್ಡು ತೂರಿಸಿದ. ಅದು ಸಲೀಸಾಗಿ ಒಳಗೆ ಹೋಯಿತು, ಹೋದದ್ದು ಹೋಗಿಯೇ ಬಿಟ್ಟಿತು. ಪರದೆಯ ಮೇಲೆ ಹಣವೂ ಇಲ್ಲ, ಕ್ಷಮೆಯೂ ಇಲ್ಲ.

“ನಿನ್ನೆ ನನ್ನದೂ ಹೀಗೇ ಆಗಿತ್ತು ಸರ್” ಎಂದಿತು ಹಿಂದಿನಿಂದ ಒಂದು ದನಿ.

ಬೀಗಣ್ಣ ತಿರುಗಿ ಮುಖ ನೋಡಿದ. ಇಸ್ತ್ರಿ ಹಾಕಿದ ಅಂಗಿ, ಕಂಕುಳಲ್ಲಿ ಫೈಲು, ಕನ್ನಡಕ, ನೀಟಾಗಿ ಬಾಚಿದ ತಲೆ. ಇಪ್ಪತ್ತೇಳು ವರ್ಷದ ಅನುಭವ ಒಂದೇ ನೋಟದಲ್ಲಿ ತೀರ್ಪು ಕೊಟ್ಟಿತು: ಮರ್ಯಾದಸ್ಥ.

“ಪಿನ್ ನಿಧಾನವಾಗಿ ಒತ್ತಿ, ಆಮೇಲೆ ಕ್ಯಾನ್ಸಲ್ ಒತ್ತಿ. ನನ್ನದು ಹಾಗೇ ಬಂತು.”

ಬೀಗಣ್ಣ ನಿಧಾನವಾಗಿಯೇ ಒತ್ತಿದ. ಅಂಕಿ ಒತ್ತುವಾಗ ಒಂದೊಂದನ್ನೂ ಬಾಯಲ್ಲಿ ಹೇಳಿಕೊಳ್ಳುವುದು ಅವನ ಅಭ್ಯಾಸ. ಮರ್ಯಾದಸ್ಥನಿಗೆ ಕತ್ತು ಉದ್ದ ಮಾಡುವ ಕಷ್ಟವೂ ತಪ್ಪಿತು. ಕಾರ್ಡು ಬರಲಿಲ್ಲ.

“ಅಲ್ಲಿ ನಂಬರ್ ಅಂಟಿಸಿದ್ದಾರಲ್ಲ, ಫೋನ್ ಮಾಡಿ” ಎಂದು ಆತ ಯಂತ್ರದ ಮೂಲೆಯಲ್ಲಿದ್ದ ಚೀಟಿ ತೋರಿಸಿದ. ಬೀಗಣ್ಣ ಮಾಡಿದ. ಮೊದಲ ರಿಂಗಿಗೇ ಎತ್ತಿದರು. ಬ್ಯಾಂಕಿನವರು ಮೊದಲ ರಿಂಗಿಗೇ ಫೋನ್ ಎತ್ತಿದ್ದಾರೆ ಎಂದ ಮೇಲೂ ಅವನಿಗೆ ಅನುಮಾನ ಬರಲಿಲ್ಲ. ಜೇನಿನಂಥ ದನಿಯ ಹುಡುಗಿ ಪಿನ್ ಕೇಳಿದಳು, ಇವನು ಕೊಟ್ಟ. “ಕಾರ್ಡು ಒಳಗೇ ಸುರಕ್ಷಿತವಾಗಿರತ್ತೆ ಸರ್, ನೀವು ಆರಾಮಾಗಿ ಮನೆಗೆ ಹೋಗಿ” ಎಂದಳು.

“ಹೋಗಿ ಸರ್, ನಾಳೆ ಬ್ಯಾಂಕಲ್ಲೇ ಕೊಡ್ತಾರೆ” ಎಂದು ಮರ್ಯಾದಸ್ಥ ಬಾಗಿಲನ್ನೂ ತೆಗೆದು ಹಿಡಿದ.

ಅಲ್ಲಿಯವರೆಗೆ ಎಲ್ಲವೂ ಅವರು ಅಂದುಕೊಂಡ ಹಾಗೇ ನಡೆದಿತ್ತು. ಪಾಪ, ಅವರಿಗೆ ಬೀಗಣ್ಣನ ಕಸುಬು ಗೊತ್ತಿರಲಿಲ್ಲ.

“ಒಳಗೆ ಸಿಕ್ಕಿಕೊಂಡಿದ್ದನ್ನ ಅಲ್ಲೇ ಬಿಟ್ಟು ಹೋಗೋ ಜಾಯಮಾನ ನಂದಲ್ಲ” ಎಂದು ಅವನು ಜೇಬಿನಿಂದ ಕೊಕ್ಕೆ ತಂತಿಗಳ ಕಟ್ಟನ್ನು ತೆಗೆದ. ಮಂಡಿಯೂರಿ ಕಾರ್ಡಿನ ಸೀಳಿಗೆ ಒಂದು ಕಣ್ಣಿಟ್ಟ.

“ಸರ್, ಬೇಡ ಸರ್, ಕ್ಯಾಮೆರಾ ಇದೆ. ಪೊಲೀಸರು ಬರ್ತಾರೆ.” ಪೊಲೀಸರ ಮಾತೆತ್ತುವಾಗ ಆತನ ದನಿಯಲ್ಲಿದ್ದ ಕಳವಳ ಮಾತ್ರ ಅಪ್ಪಟವಾಗಿತ್ತು.

“ಬರ್ಲಿ. ಅವರ ಠಾಣೆ ಬೀರು ತೆಗೆದುಕೊಟ್ಟವನೂ ನಾನೇ.”

ಉಪದೇಶ ಮಾಡುತ್ತಲೇ ಹತ್ತು ನಿಮಿಷ ಹೆಣಗಾಡಿದ. ಮರ್ಯಾದಸ್ಥ ಬೆವರೊರೆಸಿಕೊಂಡ, ಹೊರಗೆ ಹೋದ, ಒಳಗೆ ಬಂದ. ಕೊನೆಗೆ ಸೀಳಿನಿಂದ ಅಂಟುಅಂಟಾದ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಎದ್ದು ಬಂತು, ಅದರ ಬೆನ್ನಿಗೆ ಕಾರ್ಡೂ ಬಂತು.

“ನೋಡಿ ಎಂಥಾ ಕಳಪೆ ಕೆಲಸ” ಎಂದು ಬೀಗಣ್ಣ ಪಟ್ಟಿಯನ್ನು ಮೇಲೆತ್ತಿ ಹಿಡಿದ. ಅದು ಯಂತ್ರ ಮಾಡಿದವರ ಕೆಲಸವೆಂದೇ ಅವನ ಎಣಿಕೆ. ಪಕ್ಕದಲ್ಲಿ ನಿಂತಿದ್ದ ನಿಜವಾದ ಕುಶಲಕರ್ಮಿಗೆ ಆ ಟೀಕೆಯಿಂದ ನೋವಾಗಿರಬೇಕು.

“ಕೊಡಿ ಸರ್, ಅದನ್ನೂ ಕಾರ್ಡನ್ನೂ ನಾನೇ ಬ್ಯಾಂಕಿಗೆ ಕೊಟ್ಟು ಬರ್ತೀನಿ.”

ಬೀಗಣ್ಣ ಕೈ ಚಾಚಿಯೂ ಆಗಿತ್ತು. ಅಷ್ಟರಲ್ಲಿ, ಹೋದವನು ಬರಲಿಲ್ಲವೆಂದು ಅಂಗಡಿಯ ಶಟರ್ ಎಳೆದು ಬಂದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ರೀ, ನಮ್ಮ ಕಾರ್ಡನ್ನ ಇವರ ಕೈಗೆ ಯಾಕೆ ಕೊಡ್ತಿದ್ದೀರಾ?”

“ತಾಯಿ ಆಸ್ಪತ್ರೆಯಲ್ಲಿದ್ದಾರೆ, ಹೋಗ್ಬೇಕು” ಎಂದು ಮರ್ಯಾದಸ್ಥನಿಗೆ ಒಮ್ಮೆಲೇ ನೆನಪಾಯಿತು. ಇಷ್ಟು ಹೊತ್ತು ಅವರನ್ನು ಹೇಗೆ ಮರೆತಿದ್ದನೋ. ಎದುರು ಬದಿಯಲ್ಲಿ ಇಂಜಿನ್ ಆರಿಸದೆ ಕಾಯುತ್ತಿದ್ದ ಬೈಕಿನ ಹಿಂದೆ ಕೂತು ಮಾಯವಾದ.

“ಪಿನ್ ಹೇಳಿದ್ರಾ?” ಎಂದು ಅವಳು ಕೇಳಿದಳು.

“ಹೇಳ್ಲಿಲ್ಲ. ಒತ್ತುವಾಗ ಬಾಯಿಗೆ ಬಂತು.”

“ಮತ್ಯಾರಿಗಾದ್ರೂ?”

“ಫೋನಲ್ಲಿ ಒಬ್ಬಳು ಕೇಳಿದ್ಳು. ಅವಳು ಬ್ಯಾಂಕಿನವಳು ಕಣೇ.” ಹೇಳುವಾಗಲೇ ಅವನ ದನಿ ಸಣ್ಣದಾಯಿತು. ಕೈಯಲ್ಲಿದ್ದ ಪಟ್ಟಿಯನ್ನು ಮತ್ತೊಮ್ಮೆ ನೋಡಿದ. ಅಂಚನ್ನು ಯಾರೋ ಬ್ಲೇಡಿನಿಂದ ಕೊಯ್ದಿದ್ದರು. ಅದು ಯಂತ್ರ ಮಾಡಿದವರ ಕೆಲಸವಾಗಿರಲಿಲ್ಲ.

ಅವಳು ಯಂತ್ರದ ಮೂಲೆಯ ಚೀಟಿಯನ್ನು ಮುಟ್ಟಲಿಲ್ಲ. ತನ್ನ ಕಾರ್ಡಿನ ಹಿಂಬದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಹನ್ನೊಂದು ನಿಮಿಷ ಪಿಟೀಲು ಕೇಳಿಸಿ, ಮೂರು ಸಲ ಒಂಬತ್ತು ಒತ್ತಿಸಿ, ಕೊನೆಗೆ ಬೇಸತ್ತ ಗಂಡಸೊಬ್ಬ ಮಾತಾಡಿದಾಗ ಇದು ಅಸಲಿ ಬ್ಯಾಂಕೇ ಎಂದು ಅವಳಿಗೆ ಖಾತ್ರಿಯಾಯಿತು. ಆತ ಪಿನ್ ಕೇಳಲೇ ಇಲ್ಲ. ಕಾರ್ಡನ್ನು ಬಂದ್ ಮಾಡಿದ. ಖಾತೆಯಿಂದ ಏನೂ ಹೋಗಿರಲಿಲ್ಲ.

ಇಬ್ಬರೂ ಬ್ಯಾಂಕಿಗೆ ಹೋಗಿ ಪಟ್ಟಿಯನ್ನು ಒಪ್ಪಿಸಿದರು. ಅಲ್ಲಿನ ಮ್ಯಾನೇಜರ್ ಮೇಡಂ ಅದನ್ನು ಲಕೋಟೆಗೆ ಹಾಕಿಕೊಂಡು ಬೀಗಣ್ಣನನ್ನು ಮೇಲಿಂದ ಕೆಳಗೆ ನೋಡಿದರು.

“ಕಾರ್ಡು ಸಿಕ್ಕಿಕೊಂಡ್ರೆ ಅಲ್ಲೇ ನಿಂತು ನಮಗೆ ಫೋನ್ ಮಾಡ್ಬೇಕು. ಅಲ್ಲೇ ನಿಂತಿದ್ದಕ್ಕೆ ನೀವು ಬಚಾವಾದ್ರಿ. ಆದ್ರೆ ಯಂತ್ರಕ್ಕೆ ತಂತಿ ಹಾಕ್ಬೇಡಿ. ನಿಮ್ಮನ್ನೇ ಹಿಡ್ಕೊಂಡು ಹೋಗ್ತಾರೆ.”

ಅಂಗಡಿ ತೆರೆದ ಮೇಲೆ ಅವನು ಕೀ ಉಜ್ಜುವ ಅರವನ್ನು ಕೈಯಲ್ಲಿ ಹಿಡಿದು ಕೂತಿದ್ದ. ಮುಖ ನೋಡಿ ಕಳ್ಳನನ್ನು ಹಿಡಿಯುತ್ತೇನೆಂದು ಎಷ್ಟು ಜನರ ಮುಂದೆ ಹೇಳಿದ್ದನೋ, ಅವರೆಲ್ಲರೂ ಒಟ್ಟಿಗೆ ಬಂದು ಎದುರು ನಿಂತ ಹಾಗಿತ್ತು.

“ನಿಂಗೆ ಹೇಗೆ ಗೊತ್ತಾಯ್ತು?” ಎಂದು ಕೊನೆಗೆ ಕೇಳಿದ.

“ಗೊತ್ತಾಗ್ಲಿಲ್ಲ. ಬಾಗಿಲಾಚೆಯಿಂದ ನೋಡಿದೆ. ಪರಿಚಯ ಇಲ್ಲದೋರು ನಿಮ್ಮ ಮಾತನ್ನ ಎರಡು ನಿಮಿಷ ಕೇಳ್ತಾ ನಿಂತಿದ್ರು. ಲಾಭ ಇಲ್ದೆ ಯಾರೂ ಅಷ್ಟು ಹೊತ್ತು ನಿಲ್ಲಲ್ಲ ಅನಿಸ್ತು.”

ಬೀಗಣ್ಣನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅವಳು ಯಂತ್ರದ ಸ್ವಿಚ್ ಹಾಕಿ, ಮಧ್ಯಾಹ್ನ ಅರ್ಧಕ್ಕೆ ಬಿಟ್ಟಿದ್ದ ಕೀಲಿಯನ್ನು ಕತ್ತರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಅವನೂ ಎದ್ದು, ಅವಳು ಕೊಟ್ಟ ಕೀಲಿಯ ಅಂಚನ್ನು ಉಜ್ಜುತ್ತ ಕೂತ.