ಗೋಡೆ ಕಡೆಯ ಜಾಗ

ಬೀಸುಕಲ್ಲಿನಿಂದ ಆಗಷ್ಟೇ ಉದುರಿದ ಜೋಳದ ಹಿಟ್ಟಿಗೆ ಒಂದು ಬೆಚ್ಚನೆಯ ವಾಸನೆ ಇರುತ್ತದೆ. ಬಾಡಿಗೆಯ ಟ್ರ್ಯಾಕ್ಸು ಗಾಡಿ ತವರೂರು ದಿಗ್ಗೇವಾಡಿಯ ಕಡೆ ಹೊರಳಿದಾಗ ಅಕ್ಕವ್ವನ ಮೂಗಿಗೆ ಬಡಿದದ್ದು ಆ ವಾಸನೆ, ನಲವತ್ತು ವರ್ಷ ಹಿಂದಿನದು. ಆಗ ಬೀಸುಕಲ್ಲಿನ ಒಂದೇ ಗೂಟಕ್ಕೆ ಎರಡು ಕೈ. ಒಂದು ಅವಳದು, ಇನ್ನೊಂದು ಪಕ್ಕದ ಮನೆಯ ಸಕ್ಕುಬಾಯಿಯದು. ಬೀಸುವ ಹಾಡಿನ ಪದವನ್ನು ಒಬ್ಬಳು ಎತ್ತಬೇಕು, ಎದುರಿಗೆ ಕುಳಿತವಳು ಮುಗಿಸಬೇಕು. ಎತ್ತುವವಳು ಸಕ್ಕುಬಾಯಿ, ಮುಗಿಸುವವಳು ಅಕ್ಕವ್ವ.

ಈಗ ನಿಪ್ಪಾಣಿಯಿಂದ ಅಥಣಿಯವರೆಗೆ ಯಾವ ಚಹಾದಂಗಡಿಗೆ ಹೋದರೂ ಸಕ್ಕುಬಾಯಿಯ ಕ್ಯಾಸೆಟ್ಟು. ಟ್ರ್ಯಾಕ್ಸಿನಲ್ಲೂ ಅದೇ.

‘ಹೊಳಿಯಾಚಿ ನನ್ನೂರ, ಮಳಿಯಾಗ ಬಲುದೂರ’ ಎಂದು ಹಾಡಿ ದನಿ ನಿಂತಿತು. ಮುಂದೆ ಬರೀ ಹಾರ್ಮೋನಿಯಂ.

“ನೋಡು, ಅರ್ಧಕ್ಕ ಬಿಟ್ಲು. ಮುಂದಿಂದು ಮರತಾಳ. ಪೇಟಿ ಬಾರಿಸಿ ಮುಚ್ಯಾರ,” ಎಂದಳು ಅಕ್ಕವ್ವ.

“ಅದು ಮ್ಯೂಜಿಕ್ ಐತ್ರಿ ಅತ್ತಿ,” ಸೊಸೆ ಲಕ್ಷ್ಮಿಬಾಯಿ ನಕ್ಕಳು.

“ಮುಂದಿಂದು ನಾ ಹಾಡ್ತಿದ್ದೆ.”

“ಹೌದ್ರಿ. ಆಕಿ ದೊಡ್ಡ ಹೆಸರಿನಾಕಿ ಆದ ಮ್ಯಾಲ ಊರ ತುಂಬ ಆಕಿ ಗೆಳತ್ಯಾರಽ.”

ಉಳಿದ ಹೆಂಗಸರೂ ನಕ್ಕರು. ಚಿಂಚಲಿಯ ಮಾಯಕ್ಕನ ದರ್ಶನ ಮುಗಿಸಿ ಏಕಸಂಬಿಗೆ ನೆಟ್ಟಗೆ ಮರಳಬೇಕಿದ್ದವರು, ಸಕ್ಕುಬಾಯಿ ಹುಟ್ಟಿ ಬೆಳೆದ ಮನೆ ನೋಡಿಯೇ ಹೋಗೋಣ ಎಂದು ಹಟ ಹಿಡಿದು ಹೊರಳಿಸಿದ್ದರು. ಅಕ್ಕವ್ವ ಬೇಡ ಎನ್ನಲಿಲ್ಲ. ಆ ಪದಗಳಲ್ಲಿ ಅರ್ಧ ತನ್ನದೆಂದು ಒಬ್ಬರಾದರೂ ಒಪ್ಪಬೇಕು. ಆ ಮನೆಯವರ ಬಾಯಿಂದಲೇ ಅದು ಬರಬೇಕು, ಈ ಸೊಸೆಯ ಮುಂದೆಯೇ ಬರಬೇಕು.

ಬಾಗಿಲಲ್ಲಿ ಸಕ್ಕುಬಾಯಿಯ ತಮ್ಮನ ಹೆಂಡತಿ ಕೆಂಚವ್ವ ನಿಂತಿದ್ದಳು. “ಬರ್ರಿ, ಬರ್ರಿ,” ಎನ್ನುತ್ತಲೇ ಎಲ್ಲರ ಕಾಲಿಗೂ ನೀರು ಕೊಟ್ಟಳು. ಬಿಸಿಲಲ್ಲಿ ನಿಂತಿದ್ದ ಡ್ರೈವರನಿಗೂ ಒಂದು ತಂಬಿಗೆ ಹೋಯಿತು. ಅಕ್ಕವ್ವ ಅದನ್ನು ಕಂಡಳು. ಕಂಡರೂ ಮನಸ್ಸು ಮೆದುವಾಗಲಿಲ್ಲ. ಗೋಡೆಯ ಮೇಲೆ ಶಾಲು, ಹಾರ, ಮಂತ್ರಿಯ ಪಕ್ಕದಲ್ಲಿ ಸಕ್ಕುಬಾಯಿ ನಿಂತ ಫೋಟೋ. ಅದೇ ಗಂಟಲು ನನಗೂ ಇತ್ತಲ್ಲ, ಎಂದುಕೊಂಡಳು. ಇವಳಿಗೆ ಕ್ಯಾಸೆಟ್ ಕಂಪನಿಯವರು ಬಂದರು, ನನಗೆ ಗಂಡನ ಮನೆಯ ನಾಲ್ಕು ಎಮ್ಮೆ ಬಂದವು.

ನಡುಮನೆಯ ಮೂಲೆಯಲ್ಲಿ ಆ ಬೀಸುಕಲ್ಲು. ಅದಕ್ಕೆ ಅರಿಷಿಣ, ಕುಂಕುಮ.

“ಸಕ್ಕಕ್ಕಾರು ಇಲ್ಲೇ ಕುಂತ ಬೀಸ್ತಿದ್ರು,” ಎಂದು ಕೆಂಚವ್ವ ಗೋಡೆ ಕಡೆಗೆ ಕೈ ತೋರಿಸಿದಳು. ಹೆಂಗಸರು ಒಬ್ಬೊಬ್ಬರಾಗಿ ಆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಲಕ್ಷ್ಮಿಬಾಯಿಯೂ ಒತ್ತಿಕೊಂಡಳು.

ಅಕ್ಕವ್ವ ಮಾತ್ರ ಬಗ್ಗಲಿಲ್ಲ. ಹೆಸರು ಅವಳದಾಯಿತು, ಪದವೂ ಅವಳದಾಯಿತು. ಕುಳಿತ ನೆಲವನ್ನೂ ಅವಳಿಗೇ ಬರೆದುಕೊಟ್ಟರೇ?

“ಅದು ಆಕಿ ಜಾಗಾ ಅಲ್ಲ!” ಎಂದುಬಿಟ್ಟಳು. “ಆಕಿ ಬಾಗಲ ಕಡೆ ಕೂಡ್ತಿದ್ಲು. ಅವ್ವ ಕರೆದಾಗ ಕಲ್ಲು ನನ್ನ ಮ್ಯಾಲ ಬಿಟ್ಟು ಓಡೂದು ಸಸಾರ ಅಂತ. ಗೋಡಿ ಕಡೆ ಕೂಡಾಕಿ ನಾ!”

“ಅತ್ತಿ, ಏನರ ಮಾತಾಡ್ತೀರಿ,” ಎಂದು ಲಕ್ಷ್ಮಿಬಾಯಿ ಸೆರಗು ಜಗ್ಗಿದಳು.

ಕೆಂಚವ್ವ ಮಾತ್ರ ಅಕ್ಕವ್ವನನ್ನೇ ನೋಡುತ್ತಿದ್ದಳು. “ನೀವು ಏಕಸಂಬಿಗಿ ಕೊಟ್ಟ ಅಕ್ಕವ್ವಾರೇನ್ರಿ? ನಾ ಆಮ್ಯಾಲ ಬಂದ ಸೊಸಿರಿ, ಜಾಗಾ ತಪ್ಪೇ ತೋರಿಸಿರಬೇಕು. ಕಂಪನಿಯವ್ರು ಸಕ್ಕಕ್ಕಾರಿಗೆ, ಪದಾ ಪೂರಾ ಹಾಡ್ರಿ ಅಂತ ಎರಡು ದಿವಸ ಕಾಡಿದ್ರಂತ್ರಿ. ‘ಮುಂದಿಂದು ನಂದಲ್ಲ, ಅಕ್ಕವ್ವಂದು. ನೀವು ಪೇಟಿ ಬಾರಿಸ್ಕೋರಿ’ ಅಂದ್ರಂತ. ನಾ ಅಂತೂ ಆ ಮುಂದಿಂದು ಕೇಳೇ ಇಲ್ರಿ. ಹೆಂಗೈತ್ರಿ ಅದು?”

ಅಕ್ಕವ್ವ ಮೊಣಕಾಲು ಹಿಡಿದುಕೊಂಡು ಗೋಡೆ ಕಡೆ ಕುಳಿತಳು, ಗೂಟಕ್ಕೆ ಕೈ ಹಾಕಿದಳು.

‘ಗೆಳತೀಯ ದನಿಯೊಂದು ಕೇಳಿದರ, ನನ ತವರ
ಅಂಗಳಕ ಬಂದು ನಿಲತೈತಿ.’

ದನಿ ಎರಡು ಕಡೆ ಒಡೆಯಿತು. ಬೀಸುವ ಪದ ಬಿಟ್ಟು ಎಷ್ಟು ಕಾಲವಾಗಿತ್ತೋ. ಲಕ್ಷ್ಮಿಬಾಯಿ ನಗಲಿಲ್ಲ. ಅತ್ತೆಯನ್ನು ಎಬ್ಬಿಸಲು ಕೈ ಕೊಟ್ಟಳು.

ಬೇಕಾದ ಮಾತು ಸಿಕ್ಕಿತ್ತು. ಆದರೂ ಹೊಸ್ತಿಲು ದಾಟುವಾಗ ಗೋಡೆಯ ಮೇಲಿನ ಆ ಶಾಲು ಕಣ್ಣಿಗೆ ಬಿದ್ದು ಅಕ್ಕವ್ವನಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಅಷ್ಟು ದೊಡ್ಡ ಮನಸ್ಸನ್ನೂ ದೇವರು ಅವಳಿಗೇ ಕೊಟ್ಟನಲ್ಲ. ಇಷ್ಟು ವರ್ಷ ತಾನು ಮಾಡಿದ್ದು ಬರೀ ಕುಹಕ. ಕೆಂಚವ್ವ ಕೊಟ್ಟ ಚಹಾ, ಚುರಮುರಿ ಮುಗಿಸಿದ್ದ ಎಲ್ಲರೂ ಟ್ರ್ಯಾಕ್ಸು ಹತ್ತಿದರು. ಅವಳು ಏನನ್ನೂ ಬಾಯಿಗೆ ಹಾಕಿರಲಿಲ್ಲ.

ಕೆಂಚವ್ವ ಹಿಂದಿನಿಂದ ಬಂದಳು. ಅರಿವೆಯಲ್ಲಿ ಸುತ್ತಿದ ಎರಡು ರೊಟ್ಟಿ, ನಡುವೆ ಕಡಲೆಹಿಟ್ಟಿನ ಝುಣಕ.

“ಬೀಸಿದ್ದಲ್ರಿ, ಗಿರಣಿ ಹಿಟ್ಟಿಂದು ಅದಾವ್ರಿ ಅಕ್ಕಾರ,” ಎಂದಳು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ಮತ್ತು ಆ ಬಿಸಿ ಗಂಟನ್ನು ಕಿಟಕಿಯ ಮೂಲಕ ಅಕ್ಕವ್ವನ ಮಡಿಲಲ್ಲಿ ಇಟ್ಟಳು.